ಬಿಚ್ಚಿದ ಹಾಸು

"ಹಾಸು ಯಾಕ ಬಿಚ್ಚಿದ್ರಿ?"

೧೯೭೯ರ ಒಂದು ಮಧ್ಯಾಹ್ನ, ಬೆಳಗಾವಿಯ ಆಸ್ಪತ್ರೆಯೊಂದರ ಪಡಸಾಲೆ. ನಾನು ಗಂಡನ ಮರಣದ ಕಾಗದಕ್ಕಾಗಿ ಕಾಯುತ್ತಿದ್ದೆ. ಪಕ್ಕದಲ್ಲಿ ವಡಗಾವಿಯ ನೇಕಾರ ದಂಪತಿ ಕುಳಿತಿದ್ದರು; ಕೇಳಿದವಳು ಹೆಂಡತಿ. ಅವರ ಏಳು ವರ್ಷದ ಮಗಳು ಅಲಕಾಳನ್ನು ಆಪರೇಷನ್ನಿಗೆ ಒಳಗೆ ಒಯ್ದಿದ್ದರು. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲನ್ನು ಓಣಿಯುದ್ದಕ್ಕೂ ಎಳೆದು ಕಟ್ಟುವುದು ಅವರ ಕಡೆಯ ರೂಢಿ; ಆಗ ಗಾಡಿಗಳಿಗೆ ದಾರಿಯಿಲ್ಲ.

"ಟೆಂಪೋದಾಂವ ಒಂದೇ ಸವನ ಹಾರ್ನು ಹೊಡದ. ಖಾನಾಪುರದ ಸಂತಿಗೆ ಹೊತ್ತಾತು ಅಂದ."

"ಆಂವೇನ ನಮಗ ಬೀಗ ಆಗಬೇಕೇನ್ರಿ?"

"ಸಾವಕಾಶ ಹೋಗಪಾ, ಹುಡುಗೂರು ಅದಾವ ಅಂದೆ, ಸುಲಭಾ. ಬಾಣ ಬಿಟ್ಟಂಗ ಹೋದ."

"ಹಾಸು ಇರೂತನಕ ಗಾಡಿ ಬರೂದಿಲ್ಲಂತ ನಾನ ಆಕಿನ್ನ ಆಡಾಕ ಬಿಟ್ಟಿದ್ದೆ. ನನಗೊಂದು ಕೂಗು ಹಾಕಬಾರದಿತ್ತೇನ್ರಿ?"

ಅವಳ ಗಂಡ ಅಂಗಿಗೆ ಅಂಟಿದ್ದ ನೂಲಿನ ಎಳೆಯೊಂದನ್ನು ಬಿಡಿಸಿದ.

"ಆಕಿ ನಾಯಿಮರಿ ಏನಾತ್ರಿ?"

"ಅಲ್ಲೇ ಸತ್ತಹೋತು. ಅದನ್ನ ಎತ್ತಿಕೊಳ್ಳಾಕ ಅಂತನ ಆಕಿ ಟೆಂಪೋದ ಮುಂದ ಓಡಿದ್ಲು."

"ಆಕಿಗೆ ಅದನ್ನ ಹೇಳಬ್ಯಾಡ್ರಿ."

"ಹೂಂ."

"ಹಾಸು ಯಾರು ಬಿಚ್ಚಿದ್ರು ಅಂತ ಕೇಳ್ತಾಳ. ಏನಂತೀರಿ?"

"ಕೇಳಲಿ. ಕಣ್ಣ ತಗದು ಕೇಳಲಿ, ಸುಲಭಾ. ನಾನ ಬಿಚ್ಚಿದೆ ಅಂತೀನಿ."

ನರ್ಸ್ ಬಾಗಿಲು ತೆರೆದಳು.

"ಅಲಕಾನ ತಂದಿ ಯಾರ್ರಿ? ಒಬ್ಬರ ಬರ್ರಿ."

"ಇಬ್ಬರೂ ಬರ್ತೀವ್ರಿ ಬಾಯಿ," ಎಂದಳು ಸುಲಭಾ.

ನರ್ಸ್ ಬೇಡ ಅನ್ನಲಿಲ್ಲ. ಸುಲಭಾ ಗಂಡನ ತೋಳು ಹಿಡಿದು ಎಬ್ಬಿಸಿದಳು. ಇಬ್ಬರೂ ಒಳಗೆ ಹೋದರು.