ಅವರ ಸರದಿ

ಪ್ರಿಂಟರ್ ರಿಪೇರಿಗೆ ಕೊಟ್ಟು ಅಂಗಡಿಯ ಬೆಂಚಿನಲ್ಲಿ ಕೂತಿದ್ದೆ. ಕೌಂಟರಿನ ಈಚೆ ಲ್ಯಾಪ್‌ಟಾಪ್ ತಂದ ಐವತ್ತರ ಹೆಂಗಸು, ಆಚೆ ರಿಪೇರಿಯವನು.

"ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ನಡೆಸೋ ಪ್ರೋಗ್ರಾಂ ಎರಡಿವೆ ಅಮ್ಮ. ಆಫೀಸಿನ ಹೊಸದು ಪ್ರೊಸೆಸರನ್ನ ಹಿಡ್ಕೊಂಡು ಕೂತಿದೆ, ಹಳೇದನ್ನ ಏಳೋಕೆ ಬಿಡ್ತಿಲ್ಲ."

"ಹೊಸದನ್ನ ತೆಗೆದುಬಿಡಪ್ಪ."

"ಮನೆಯಿಂದ ಕೆಲಸ ಮಾಡೋಕಾಗಲ್ಲ ಆಮೇಲೆ."

"ಆಫೀಸಿಗೇ ಹೋಗ್ತೀನಿ."

"ಹಳೇದನ್ನ ಒಂದ್ಸಲ ಪೂರ್ತಿ ಆಫ್ ಮಾಡಿದ್ರೆ ಎರಡೂ ಉಳಿಯುತ್ತೆ."

"ಬೇಡ! ನಮ್ಮನೆಯವರು ಅದನ್ನ ಆಫ್ ಮಾಡೋದೇ ಇಲ್ಲ, ಇದ್ದ ಹಾಗೇ ನಿಲ್ಲಿಸಿಡ್ತಾರೆ. ಆಫ್ ಮಾಡಿದ್ರೆ ಆಟ ಹೋಗುತ್ತೆ."

ಅವನು ಹೊಸದನ್ನು ತೆಗೆದ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಚೆಸ್ ಹಾಸು ಮೂಡಿತು.

"ಕಂಪ್ಯೂಟರ್ ಜೊತೆ ಆಡ್ತೀರಾ?"

"ನಾವಿಬ್ರೇ. ಬೆಳಿಗ್ಗೆ ನಾನೊಂದು ಕಾಯಿ ನಡೆಸಿದ್ರೆ, ಸಂಜೆ ಅವರೊಂದು."

"ಈಗ ಯಾರ ಸರದಿ?"

"ಅವರದ್ದು. ಎಂಟು ತಿಂಗಳಾಯ್ತು."

"ಅಬ್ಬಾ, ಅಷ್ಟು ಯೋಚನೆ ಮಾಡ್ತಾರಾ!" ಅವನು ನಕ್ಕ.

"ಯೋಚನೆ ಏನೂ ಬೇಕಿರ್ಲಿಲ್ಲ. ಇನ್ನೊಂದು ಕಾಯಿ ನಡೆಸಿದ್ರೆ ಅವರೇ ಗೆಲ್ತಿದ್ರು. ಆಸ್ಪತ್ರೆಯಿಂದ ಬಂದು ಆಡ್ತೀನಿ, ನೀನು ಮುಟ್ಟಬೇಡ ಅಂದಿದ್ರು."

ಅವನು ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡ. ಆಕೆ ಅದನ್ನು ತೆರೆದ ಹಾಗೆಯೇ ಎರಡೂ ಕೈಯಲ್ಲಿ ಎತ್ತಿಕೊಂಡು, ಬಾಗಿಲನ್ನು ಭುಜದಿಂದ ತಳ್ಳಿ ಹೊರಗೆ ಹೋದರು.