ಒಳಗಿನ ಹನ್ನೊಂದು ಸಾಲು

ಇಲ್ಲ, ಬಾಗಿಲು ಹಾಕೇ ಇರಲಿ. ಹೊರಗೆ ಕೂತಿರೋರಿಗೆಲ್ಲ ನಮ್ಮ ಮನೆ ಜಗಳ ಕೇಳಿಸೋದು ಬೇಡ. ಹೌದು, ಮನೆ ಜಗಳಾನೇ. ಆಫೀಸಿಗೆ ನೀನು ಮೆಷಿನ್ನಿನ ಸ್ಕ್ರೀನಿಗೆ ಕೋಡ್ ಬರೆಯೋ ಎಂಜಿನಿಯರ್ ಇರಬಹುದು, ನನಗೆ ಹೆಂಡತಿಯ ತಂಗಿ. ಇವಳಿಗೊಂದು ಕೆಲಸ ಕೊಡಿ ಅಂತ ಮಾಲೀಕರ ಹತ್ರ ಹಲ್ಲು ಗಿಂಜಿದ್ದು ಯಾರು? ಈ ಭಾವ. ಅದನ್ನ ಮರೀಬೇಡ... ಯಾಕೆ ನಗ್ತೀಯ? ನಗೋ ಹೊತ್ತಾ ಇದು? ಅಲ್ಲಿ ಲಾಂಡ್ರಿಯವನು ಮುಖ ಮೈ ಎಲ್ಲ ಸುಟ್ಟುಕೊಂಡು ಮೂರು ದಿನದಿಂದ ಆಸ್ಪತ್ರೇಲಿ ಬಿದ್ದಿದ್ದಾನೆ.

ತಗೋ, ವರದಿ ನಾನೇ ಟೈಪ್ ಮಾಡಿಕೊಂಡು ಬಂದಿದ್ದೀನಿ. ನಾಲ್ಕು ಗಂಟೆಗೆ ಮಾಲೀಕರ ಟೇಬಲ್ ಮೇಲಿರಬೇಕು. ‘ಸ್ಕ್ರೀನ್ ಬರೆಯೋದರಲ್ಲಿ ನನ್ನಿಂದ ತಪ್ಪಾಗಿದೆ’, ಇಷ್ಟೇ. ಕೆಳಗೆ ನಿನ್ನ ಸಹಿ. ಕೆಲಸ ಹೋಗುತ್ತೆ, ಹೌದು, ಹೋಗಲಿ. ನಿನಗಿನ್ನೂ ಇಪ್ಪತ್ತಾರು, ಇನ್ನೊಂದು ಕಡೆ ಸಿಗುತ್ತೆ. ನನಗೆ ಈ ವಯಸ್ಸಲ್ಲಿ ಯಾರು ಕೊಡ್ತಾರೆ? ನಿಮ್ಮಕ್ಕನ ಮುಖ ನೋಡಿಯಾದ್ರೂ ಹಾಕು.

ಓದು, ಓದು. ಸಾವಕಾಶವಾಗಿ ಓದು ಮಹಾತಾಯಿ... ಏನು ಸುಳ್ಳಿದೆ ಅದರಲ್ಲಿ? ಬಟ್ಟೆ ಬೇಯಿಸೋ ಡ್ರಮ್ಮಿನ ತುಂಬ ಉಗಿ. ಹೊರಗೆ ನಿನ್ನ ಸ್ಕ್ರೀನು ಒತ್ತಡ ಸೊನ್ನೆ ಪಾಯಿಂಟ್ ಒಂದು ಅಂತ ತೋರಿಸ್ತಾ, ಹಸಿರು ಚೌಕ ಹಾಕಿಕೊಂಡು, ‘ಮುಚ್ಚಳ ತೆಗೆಯಬಹುದು’ ಅಂತ ಹೇಳ್ತಾ ಕೂತಿತ್ತು. ಅವನು ನಂಬಿದ, ಮುಚ್ಚಳದ ಚಕ್ರ ತಿರುಗಿಸಿದ. ಆ ಹಸಿರು ಹಾಕಿದ್ದು ಯಾರು? ನೀನು.

ಸೆನ್ಸರ್ ಓದಿ ನಂಬರ್ ಕೊಟ್ಟಿದ್ದು ನನ್ನ ಪ್ಲಗಿನ್ ಅಂತ ತಾನೇ ಆ ನೋಟದ ಅರ್ಥ? ಗೊತ್ತಾಗುತ್ತೆ ನನಗೆ. ಕೇಳು. ನೀನು ಬರೆಯೋದು ಏನು? ಇಲ್ಲೊಂದು ಚೌಕ ಇರಲಿ, ನಂಬರ್ ಇಷ್ಟಕ್ಕಿಂತ ಕಮ್ಮಿಯಾದ್ರೆ ಹಸಿರಾಗಲಿ... ಏನು ಬೇಕು ಅಂತ ಹೇಳೋದು, ಅಷ್ಟೇ ನಿನ್ನ ಕೆಲಸ. ಹೇಗೆ ಅಂತ ಯಾರಿಗೆ ಬೇಕು! ನಿನ್ನ ಆ ಭಾಷೆಗೆ ಉಗಿ ಗೊತ್ತಾ, ಸೆನ್ಸರ್ ಗೊತ್ತಾ? ಅದಕ್ಕೆ ಕೈಕಾಲು ಕೊಟ್ಟಿದ್ದು ನಾನು. ಮೂರು ತಿಂಗಳು ಸಿ ಪ್ಲಸ್ ಪ್ಲಸ್ ಮುಂದೆ ಕೂತು ಸೊಂಟ ಮುರಿದುಕೊಂಡು ಪ್ಲಗಿನ್ ಬರೆದೆ, ಕಂಪೈಲ್ ಮಾಡಿ ಒಂದೇ ಫೈಲಾಗಿ ನಿನ್ನ ಕೈಗೆ ಕೊಟ್ಟೆ. ನೀನು ಮೇಲಿನ ಸಾಲಲ್ಲಿ ಅದರ ಹೆಸರು ಹಾಕಿದೆ, ‘ಒತ್ತಡ’ ಅಂತ ಕೇಳಿದೆ, ನಂಬರ್ ಬಂತು. ತಯಾರಾಗಿದ್ದನ್ನ ಬಡಿಸಿಕೊಂಡು ಉಂಡವಳು ನೀನು.

ಆ ಫೈಲ್ ಯಾಕೆ ತೆಗೀತೀಯ? ತೆಗಿ, ತೆಗಿ, ನೋಡೋಣ. ಕಂಪೈಲ್ ಆದಮೇಲೆ ಓದೋಕೆ ಅದರಲ್ಲಿ ಏನಿರುತ್ತೆ? ಬರೀ ಕಸ. ನಾನು ಬರೆದ ಮೂಲ ಕೋಡ್ ಬೇಕಾ? ಅದು ಹೋಯ್ತು. ಹಳೇ ಲ್ಯಾಪ್‌ಟಾಪ್ ಕೆಟ್ಟಾಗ ಅದರ ಜೊತೇಲೇ ಹೋಯ್ತು, ಎಷ್ಟು ಸಲ ಹೇಳಬೇಕು?

ನೀನು ಒಂದು ಸಾಲು ಬರೆದಿದ್ರೆ ಸಾಕಿತ್ತು. ಒಂದೇ ಸಾಲು. ಹಿಂದಿನ ದಿನದ ಬಿಸಿಗೇ ಸೆನ್ಸರ್ ವೈರ್ ಬಿಟ್ಟುಕೊಂಡಿತ್ತು, ಬೆಳಿಗ್ಗೆ ಹಾಗೇ ಮೆಷಿನ್ ಆನ್ ಮಾಡಿದ್ರು ಅಂತ ಲಾಂಡ್ರಿಯವರೇ ಹೇಳಿದ್ರು. ವೈರ್ ಬಿಟ್ರೆ ನನ್ನ ಪ್ಲಗಿನ್ ನಂಬರ್ ಬದಲು ಖಾಲಿ ಕಳಿಸುತ್ತೆ. ಖಾಲಿ ಬಂದ್ರೆ ಕೆಂಪು ಹಾಕು ಅಂತ ನೀನು... ಏನು? ಬರೆದಿದ್ದೀಯಾ? ಎಲ್ಲಿ? ಬೆರಳಿಟ್ಟು ತೋರಿಸು...

ಹ್ಞೂ. ಇದೆ. ಈಗ ಸೇರಿಸಿದ್ದೀಯ. ಇವತ್ತು ಬೆಳಿಗ್ಗೆ ಬೇಗ ಬಂದು ಸೇರಿಸಿದ್ದೀಯ, ನನಗೆ ಗೊತ್ತಾಗಲ್ವಾ? ತಾರೀಖು ತೋರಿಸಬೇಡ. ಹೋದ ವರ್ಷದ ತಾರೀಖು ಹಾಕೋದು ಏನು ಮಹಾ ಕೆಲಸ.

ಆ ಪ್ಯಾನೆಲ್ ಯಾಕೆ ಆನ್ ಮಾಡ್ತೀಯ? ಅದು ಟೆಸ್ಟಿಂಗಿಗೆ ಇಟ್ಟಿರೋದು. ಸೆನ್ಸರ್ ವೈರಿಗೆ ಕೈ ಹಾಕಬೇಡ. ಖಾಲಿ ಬರುತ್ತೆ ಅಂತ ಹೇಳಿದ್ನಲ್ಲ, ದೊಡ್ಡವನು ಹೇಳಿದ ಮೇಲೂ ನಂಬಿಕೆ ಇಲ್ವಾ? ಮರ್ಯಾದೆ ಅನ್ನೋದು... ಕೀಳಬೇಡ ಅಂದೆ.

ಕಿತ್ತೇಬಿಟ್ಟೆ.

ತಡಿ. ಒಂದು ನಿಮಿಷ ಬೇಕು. ಒಳಗೆ ಹಳೇ ನಂಬರ್ ಉಳಿದಿರುತ್ತೆ, ಈಗ ಹೋಗುತ್ತೆ... ಸೊನ್ನೆ ಪಾಯಿಂಟ್ ಒಂದು. ಸೊನ್ನೆ ಪಾಯಿಂಟ್ ಎರಡು. ಮತ್ತೆ ಒಂದು... ಹೋಗುತ್ತೆ ಇರು. ಎಲ್ಲೋ ಇನ್ನೊಂದು ವೈರ್ ತಾಗಿರಬೇಕು... ಬೈಯಬೇಕು ಅನ್ನಿಸಿದ್ರೆ ಬೈಯಿ.

...ಆವತ್ತು ಗಿರಾಕಿಗಳು ನೋಡೋಕೆ ಬಂದಿದ್ರು. ಸೆನ್ಸರೇ ಬಂದಿರಲಿಲ್ಲ ಇನ್ನೂ. ಏನಾದ್ರೂ ಮಾಡಿ ಓಡಿಸಿ ತೋರಿಸು ಅಂತ ಮಾಲೀಕರು ತಲೆ ಮೇಲೆ ಬಂದು ನಿಂತಿದ್ರು. ಹನ್ನೊಂದು ಸಾಲು ಬರೆದೆ. ಸೆನ್ಸರ್ ಮಾತಾಡದಿದ್ರೆ ಕೊನೇ ನಂಬರನ್ನೇ ಕೊಡ್ತಾ ಇರು, ಏನೂ ಇಲ್ಲದಿದ್ರೆ ಸೊನ್ನೆಯಿಂದ ಶುರು ಮಾಡು ಅಂತ. ಒಂಚೂರು ಅಲ್ಲಾಡಿಸು ಅಂತಾನೂ ಬರೆದೆ, ನಿಂತ ನಂಬರನ್ನ ಯಾರು ನಂಬ್ತಾರೆ? ಎಲ್ಲರೂ ಚಪ್ಪಾಳೆ ತಟ್ಟಿದ್ರು, ನೀನೂ ತಟ್ಟಿದ್ದೆ. ನಾಳೆ ತೆಗೆದ್ರಾಯ್ತು ಅಂದುಕೊಂಡೆ. ಕಂಪೈಲ್ ಮಾಡಿಟ್ಟ ಫೈಲನ್ನ ಮತ್ತೆ ಯಾರು ಬಿಚ್ಚಿ ನೋಡ್ತಾರೆ... ಮರೆತೇಬಿಟ್ಟೆ. ಅವನು ಸುಟ್ಟುಕೊಂಡ ಅಂತ ಫೋನ್ ಬಂದಾಗ ಮೊದಲು ನೆನಪಾಗಿದ್ದು ಅದೇ. ನನಗೆ ಭಯ ಆಯ್ತು. ನಾಚಿಕೆಗಿಂತ ಮುಂಚೆ ಭಯ ಆಯ್ತು.

ನೋಡು, ಕಾಗದ ಹರಿದೆ. ನನ್ನ ಹೆಸರಲ್ಲೇ ಬೇರೆ ಬರೀತೀನಿ. ಹೊಸ ಪ್ಲಗಿನ್ ಇಬ್ಬರೂ ಕೂತು ಸರಿಯಾಗಿ ಬರೆಯೋಣ, ಅವಸರ ಏನಿಲ್ಲ, ಸೋಮವಾರದಿಂದ... ಮತ್ತೆ ಯಾಕೆ ಹಾಗೇ ನೋಡ್ತೀಯ? ಎಲ್ಲಾ ಹೇಳಿಬಿಟ್ಟೆನಲ್ಲ! ಇನ್ನೇನು ಉಳೀತು?

ಏನೂ ಉಳಿದಿಲ್ಲ...

ಒಂಬತ್ತು ಕಡೆ. ಇದೇ ಫೈಲು ಇನ್ನೂ ಒಂಬತ್ತು ಲಾಂಡ್ರಿಯಲ್ಲಿ ಓಡ್ತಿದೆ. ಈ ಹೊತ್ತಿಗೆ ಡ್ರಮ್ಮುಗಳು ಕಾದಿರುತ್ವೆ... ಯಾರಿಗೂ ಹೇಳಿಲ್ಲ. ಹೌದು, ಮೂರು ದಿನದಿಂದ ಗೊತ್ತಿತ್ತು.