ಕೆಳಗಿನ ಹದಿನಾರು ದೀಪ

ಸುಟ್ಟುಹೋಯ್ತು ಅಂತ ಆಗಲೇ ಹೇಳಿದ್ನಲ್ಲ ಮುತ್ತುಮಾರಿ! ಏಳು ವರ್ಷ ಆದ್ಮೇಲೆ ಬಂದು ಅದನ್ನೇ ಕೇಳ್ತೀಯಲ್ಲೇ… ‘ಆ ದೀಪದ ಪೆಟ್ಟಿಗೆ ಇನ್ನೂ ಇದೆಯಾ ಟೀಚರ್?’ ಅಂತ! ಮೊದಲು ಕುಂತ್ಕೋ. ಬೋಡಿಯಿಂದ ಕೊಂಬೈಗೆ ಎರಡು ಬಸ್ಸು ಹತ್ತಿ ಬಂದಿದೀಯ. ಕಾಫಿ ಕುಡಿ. ಮೈಯೆಲ್ಲ ಏಲಕ್ಕಿ ವಾಸನೆ… ಅಯ್ಯೋ, ತಪ್ಪಾಗಿ ಹೇಳಲಿಲ್ಲ ತಾಯಿ. ದಿನವಿಡೀ ಏಲಕ್ಕಿ ಆರಿಸೋ ಕೆಲಸ ಅಂದ್ರೆ ಅಂಟಿಕೊಳ್ಳುತ್ತೆ, ಅಷ್ಟೇ.

ಈಗ ಯಾರಿಗೆ ಬೇಕು ಅದು? ಜನನಿಗಾ? ನಿನ್ನ ತಂಗಿ ಅಷ್ಟು ದೊಡ್ಡವಳಾದಳಾ! ಎಂಟನೇ ಕ್ಲಾಸಾ… ಹಾಗಾದ್ರೆ ನನ್ನ ಕ್ಲಾಸಿಗೇ ಬರ್ತಾಳೆ. ಬರಲಿ, ಬರಲಿ. ಆದ್ರೆ ಪೆಟ್ಟಿಗೆ ಇಲ್ಲ ಪಿಳ್ಳೆ.

ಯಾಕೆ ನಗ್ತೀಯ? ಓ… ಆ ದಿನ ನೆನಪಾಯ್ತಾ? ನನಗೆ ಮಾತ್ರ ಮರೆತಿರುತ್ತಾ?

ಹತ್ತೊಂಬತ್ತು ವರ್ಷ ಟೈಪಿಂಗ್ ಹೇಳಿಕೊಟ್ಟೋಳು ನಾನು. ಒಂದು ದಿನ ಹೆಡ್‌ಮಾಸ್ಟರ್ ಕರೆದು, ‘ಸುಬ್ಬುಲಕ್ಷ್ಮಿ ಟೀಚರ್, ಇನ್ಮೇಲೆ ಕಂಪ್ಯೂಟರೂ ನಿಮ್ದೇ’ ಅಂದ್ಬಿಟ್ಟರು. ಮೇಜಿನ ಮೇಲೆ ಆ ಪೆಟ್ಟಿಗೆ. ಒಳಗೆ ಅಂಗೈ ಅಗಲದ ಕಂಪ್ಯೂಟರು, ಅದಕ್ಕೆ ಸೇರಿಸಿದ ಪುಟ್ಟ ಎಲ್‌ಇಡಿ ದೀಪದ ಗೂಡು. ಸಾಲಿಗೆ ನಾಲ್ಕು ದೀಪ, ಅಂಥವು ನಾಲ್ಕು ಸಾಲು, ಒಂದರ ಮೇಲೊಂದು ನಾಲ್ಕು ಅಂತಸ್ತು. ಅರವತ್ನಾಲ್ಕು! ಯಾವುದು ಯಾವಾಗ ಹತ್ತಬೇಕು ಅಂತ ಬರೆದರೆ ಅದು ಹತ್ತುತ್ತೆ, ಹಾಗೆ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಬೇಕಂತೆ. ಕಲಿಸೋಳಿಗೆ ಯಾರು ಕಲಿಸಿದ್ರು, ಹೇಳು? ತೇನಿಯಲ್ಲಿ ಒಂದು ದಿನ ಕೂರಿಸಿ, ಊಟ ಹಾಕಿ ಕಳಿಸಿದ್ರು. ಮುಗೀತು.

ನಾಲ್ಕು ತಿಂಗಳು ಕಣೇ… ಒಲೆ ಪಕ್ಕದಲ್ಲೇ ಇಟ್ಕೊಂಡು, ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಅದು. ಮೇಲಿನ ಮೂರು ಅಂತಸ್ತು ಹತ್ತೋವು. ಕೆಳಗಿನ ಹದಿನಾರು ದೀಪ ಹತ್ತಲೇ ಇಲ್ಲ. ದೀಪಗಳೇ ಕೆಟ್ಟಿವೆ ಅಂತ ಕ್ಲಾಸಲ್ಲೂ ಹೇಳಿದೆ. ನೀನು ಎದ್ದು ಬಂದೆ. ಹತ್ತನೇ ಕ್ಲಾಸು, ಎರಡು ಜಡೆ… ತಮಿಳಲ್ಲಿ ಅಲ್ಲ, ನಮ್ಮ ಮನೆಮಾತು ಕನ್ನಡದಲ್ಲಿ, ನನಗೊಬ್ಬಳಿಗೇ ಕೇಳೋ ಹಾಗೆ, ‘ಟೀಚರ್, ಇದು ಒಂದರಿಂದ ಎಣಿಸಲ್ಲ, ಸೊನ್ನೆಯಿಂದ ಎಣಿಸುತ್ತೆ’ ಅಂದೆ. ಒಂದೇ ಒಂದು ಅಂಕಿ ತಿದ್ದಿದೆ. ಹದಿನಾರೂ ಭಗ್ ಅಂತ ಹತ್ತಿದ್ವು!

ಕ್ಲಾಸೆಲ್ಲ ಹೋ ಅಂತ ನಕ್ಕಿತು. ನೀನು ನಗಲಿಲ್ಲ, ಗೊತ್ತು. ನೀನು ನಗದೇ ಇದ್ದದ್ದೇ ಹೆಚ್ಚು ಚುಚ್ಚಿತು.

ಆಮೇಲೆ ನೀನು ಆ ದೀಪದಲ್ಲೇ ಮಳೆ ಬೀಳೋ ಹಾಗೆ ಬರೆದೆ. ಮೇಲಿನ ದೀಪ ಹತ್ತಿ ಆರಿ, ಅದರ ಕೆಳಗಿನದು, ಅದರ ಕೆಳಗಿನದು… ಓಡೈಪಟ್ಟಿಯ ನಿಮ್ಮ ಮಾವನ ದ್ರಾಕ್ಷಿ ಚಪ್ಪರದ ಮಳೆ ಅಂದೆ. ಹೆಡ್‌ಮಾಸ್ಟರ್ ಕುಣಿದುಬಿಟ್ಟರು. ದಿಂಡಿಗಲ್ ಸ್ಪರ್ಧೆಗೆ ನೀನೇ ಹೋಗಬೇಕು, ಗೆದ್ದರೆ ಹಾಸ್ಟೆಲ್ಲು, ಡಿಪ್ಲೊಮಾ, ಎಲ್ಲ ಸ್ಪರ್ಧೆಯವರದೇ ಖರ್ಚು… ಸರಿ. ಅಷ್ಟರಲ್ಲಿ ಸುಟ್ಟುಹೋಯ್ತು. ಕರೆಂಟು ಏರಿಳಿತ! ನಾನೇನು ಮಾಡಲಿ? ಅದಕ್ಕೆ ಓದೇ ಬಿಡ್ತಾರಾ? ನಿಮ್ಮವ್ವ ಪೊನ್ನುತಾಯಿ ಆತುರ ಬಿದ್ದು ಕೆಲಸಕ್ಕೆ ಕಳಿಸಿದ್ರೆ ಅದು ನನ್ನ ತಪ್ಪಾ? …ಇಲ್ಲ. ನೀನು ಹಾಗೆ ಹೇಳಲಿಲ್ಲ. ಸರಿ.

ಏನು ದೊಡ್ಡ ದಿಂಡಿಗಲ್ಲು! ನಾನೂ ನೋಡಿಬಂದೆ. ಟೀಚರುಗಳಿಗೆ ಬೇರೆ ಸ್ಪರ್ಧೆ ಇತ್ತು. ಜಡ್ಜು ಅಂತ ಒಬ್ಬ, ನನ್ನ ಮಗನ ವಯಸ್ಸು. ಎಲ್ಲರ ಮುಂದೆ ಪ್ರೋಗ್ರಾಮಿನ ಒಂದು ಸಾಲಿನ ಮೇಲೆ ಬೆರಳಿಟ್ಟು ‘ಏನ್?’ ಅಂದ. ನಮ್ಮ ಮಾತಿನ ‘ಏನು’ ಆಗಿದ್ರೆ ಹೇಳ್ಬಿಡ್ತಿದ್ದೆ. ಆ ಸಾಲು ಏನು ಮಾಡುತ್ತೆ ಗೊತ್ತಿತ್ತು, ಹನಿ ಮೇಲೇ ಒಂದು ಗಳಿಗೆ ನಿಂತು ಆಮೇಲೆ ಬೀಳುತ್ತೆ. ಅವನು ಕೇಳಿದ್ದು ತಮಿಳಿನ ‘ಏನ್’. ಯಾಕೆ ಅಂತ! ಹನಿ ಯಾಕೆ ನಿಲ್ಲಬೇಕು? ನನಗೆ ಹೇಗೆ ಗೊತ್ತು? ‘ನೀವೇ ಬರೆದದ್ದಾ ಮೇಡಂ?’ ಅಂದ, ಮುಂಡೇದು…

ಯಾಕೆ ಲೋಟ ಕೆಳಗಿಟ್ಟೆ? ಸಕ್ಕರೆ ಕಮ್ಮಿಯಾಯ್ತಾ?

ಹಾಗೆ ನೋಡಬೇಡ. ಅದು… ಅದು ಬೇರೆ ಪೆಟ್ಟಿಗೆ. ಅವರೇ ಕೊಟ್ಟಿದ್ದು. ಮಳೆ ಅಂತ ಯಾರು ಬೇಕಾದ್ರೂ ಬರೀಬಹುದು, ಮಳೆ ಏನು ನಿಮ್ಮಪ್ಪನ ಮನೇದಾ! …ಏನಾದ್ರೂ ಹೇಳೇ. ಬೈಯಿ. ಮುತ್ತುಮಾರಿ…

ಸುಡಲಿಲ್ಲ.

ಸುಡಲಿಲ್ಲ ಕಣೇ. ಸುಟ್ಟಿದೆ ಅಂತ ಎಲ್ಲರಿಗೂ ಹೇಳಿ, ರಜೆ ಹಾಕಿ, ನಾನೇ ದಿಂಡಿಗಲ್‌ಗೆ ತಗೊಂಡು ಹೋದೆ. ಮೊದಲ ಸಾಲಲ್ಲಿ ನಿನ್ನ ಹೆಸರು ಬರೆದಿದ್ದೆಯಲ್ಲ, ಅದನ್ನ ಅಳಿಸಿ ನನ್ನದು ಹಾಕಿದೆ. ಒಂದು ಸಲ… ಒಂದೇ ಒಂದು ಸಲ ನನಗೂ ಯಾರಾದ್ರೂ ಕೈ ತಟ್ಟಲಿ ಅಂತ. ಯಾರೂ ತಟ್ಟಲಿಲ್ಲ. ಮಡಿಲಲ್ಲಿಟ್ಕೊಂಡು ಬಸ್ಸಲ್ಲಿ ವಾಪಸ್ ಬಂದೆ. ನೀವು ಮಕ್ಕಳು ಹೋಗೋ ಸ್ಪರ್ಧೆ ಮುಂದಿನ ವಾರ ಇತ್ತು. ಇತ್ತು… ಹೌದು, ಆಗಲೂ ಕೊಡಬಹುದಿತ್ತು. ನೀನು ಆ ‘ಏನ್’ಗೆ ಟಕ್ ಅಂತ ಉತ್ತರ ಹೇಳ್ತಿದ್ದೆ. ಅದು ನನಗೆ ಗೊತ್ತಿತ್ತು. ಅದಕ್ಕೇ ಕೊಡಲಿಲ್ಲ.

ಎದ್ದೆಯಾ? ಇರು, ಇರು, ಬೀರುವಲ್ಲೇ ಇದೆ, ಈಗಲೂ ಹತ್ತುತ್ತೆ. ಜನನಿಗೆ ನಾನೇ ಹೇಳಿಕೊಡ್ತೀ… ಬೇಡ. ನಾನು ಬೇಡ. ನೀನೇ ಕಲಿಸು. ಸ್ಕೂಲಲ್ಲಿ ಮಾತ್ರ ಹೇಳಬೇಡ ತಾಯಿ, ಇನ್ನೆರಡು ವರ್ಷಕ್ಕೆ ರಿಟೈರು… ಹೇಳ್ಕೋ! ಹೋಗಿ ಹೇಳ್ಕೋ! ಚಪ್ಪಲಿ ಯಾಕೆ ಮೆಟ್ತಿದೀಯ? ಇಗೋ, ತೆಗೆದೆ, ನೋಡು… ಮುತ್ತುಮಾರಿ! ಬೀದಿಗಿಳಿದುಬಿಟ್ಟೆಯಾ… ಇದನ್ನ ತಗೊಂಡಾದ್ರೂ ಹೋಗೇ!